ಬೂಸು ಹತ್ತಿದ ಜೋಳ

ಕಾಶೆವ್ವನ ಸಿಟ್ಟು ಮಮದಾಪುರಕ್ಕೆ ಹೊಸದಲ್ಲ. ಆದರೂ ಆವತ್ತು ಅವಳು ಹೊಲದ ದಾರಿ ಹಿಡಿದು ಬಂದ ರಭಸ ನೋಡಿ, ಎದುರಿಗೆ ಬಂದ ಟ್ರ್ಯಾಕ್ಟರಿನವನು ಯಾರೂ ಹೇಳದೆಯೇ ಬದಿಗೆ ಸರಿದು ನಿಂತ. ಅವಳ ಹೊಲಕ್ಕೆ, ಅವಳಿಗೆ ಒಂದು ಮಾತೂ ಹೇಳದೆ, ಮೈದುನ ಮುರಿಗೆಪ್ಪ ಇಟ್ಟಂಗಿ ಸುಡುವ ಭಟ್ಟಿಯ ಲಕ್ಷ್ಮಣನನ್ನು ಕರೆತಂದಿದ್ದ. ಕಬ್ಬು ಕಡಿದು ಬೋಳಾಗಿದ್ದ ನೆಲವನ್ನು ಲಕ್ಷ್ಮಣ ಹಾರೆಯಿಂದ ಅಗೆದು, ಮಣ್ಣಿಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಹಿಸುಕಿ ಉಂಡೆ ಕಟ್ಟಿ ನೋಡುತ್ತಿದ್ದ. ಹೆಣ್ಣು ನೋಡಲು ಬಂದವರೂ ಇಷ್ಟು ತಿರುವಿ ತಿರುವಿ ನೋಡುವುದಿಲ್ಲ.

"ಏನ ನಡದೈತಿ ಇಲ್ಲೆ?" ಎಂದಳು.

"ನೀವ ಬಂದದ್ದ ಚೊಲೋ ಆತ ವೈನಿ," ಎಂದ ಮುರಿಗೆಪ್ಪ. "ಈ ಹೊಲ ಸತ್ತೈತಿ. ಮೂರ ವರ್ಷ ಆತು, ಕಬ್ಬಿಗಿಂತ ಕಸಾನ ಹೆಚ್ಚ ಬೆಳೀತೈತಿ. ಮ್ಯಾಲಿನ ಮೂರ ಫೂಟ ಮಣ್ಣ ಭಟ್ಟಿಗೆ ಕೊಟ್ಟಬಿಡೂಣು. ಮಣ್ಣಿನ ಜೋಡಿ ಕಸದ ಬೀಜಾನೂ ಹೋಗ್ತಾವ."

"ಕೆಳಗ ಏನ ಐತಿ ಗೊತ್ತೈತೇನ ನಿನಗ? ಬರೇ ಕಲ್ಲ, ಗರಸ ಐತಿ. ಗರಸಿನಾಗ ಏನ ಬೆಳೀತಿ, ನಿನ್ನ ತಲಿ?"

ಲಕ್ಷ್ಮಣ ಕೈಯಲ್ಲಿದ್ದ ಉಂಡೆಯನ್ನು ಮೆಲ್ಲಗೆ ನೆಲಕ್ಕೆ ಬಿಟ್ಟ. ಅವನು ಜಗಳಗಂಟನಲ್ಲ. "ನೀವ ನೀವ ಬಗೀಹರಿಸಿಕೊಂಡ ಹೇಳ್ರಿ, ನಂದೇನ ಅವಸರಿಲ್ಲ" ಎಂದು ಮೋಟಾರ್ ಸೈಕಲ್ ಹತ್ತಿ ಮುದಲಗಿ ರಸ್ತೆಯ ಕಡೆಗೆ ಹೋದ.

ಮುರಿಗೆಪ್ಪ ಹೇಳಿದ ಕಸ ಎಂದರೆ ಸುಡುಮಲ್ಲಿಗೆ. ಹೆಸರು ಕೇಳಿದರೆ ಲಿಂಗಕ್ಕೆ ಏರಿಸುವ ಹೂವು ಅನ್ನಿಸಬೇಕು. ಗೇಣುದ್ದದ ಗಿಡ, ಸಣ್ಣ ಬಿಳಿ ಹೂವು, ನೋಡಲು ಪಾಪದ್ದು. ಮಾಡುವುದು ಮಾತ್ರ ಕಳ್ಳತನ. ನೆಲದೊಳಗೇ ಕಬ್ಬಿನ ಬೇರಿಗೆ ಬಾಯಿ ಹಚ್ಚಿ ಹೀರುತ್ತದೆ. ಅದು ಹೊರಗೆ ತಲೆ ಎತ್ತುವ ಹೊತ್ತಿಗೆ ಕಬ್ಬು ಹಳದಿಯಾಗಿ, ಗಣಿಕೆ ಗಿಡ್ಡಾಗಿ ನಿಂತುಬಿಟ್ಟಿರುತ್ತದೆ. ಆಮೇಲೆ ಔಷಧಿ ಹೊಡೆಯುವುದೆಂದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಇನ್ನು ಬೀಜವೋ, ಜೋಳದ ಹಿಟ್ಟಿಗಿಂತ ನುಣುಪು. ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದು, ಕಬ್ಬಿನ ಬೇರು ಹತ್ತಿರ ಬಂದ ಸುಳಿವು ಸಿಕ್ಕ ಕೂಡಲೇ ಎದ್ದು ಕೂರುತ್ತದೆ. ಮುರಿಗೆಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಹೆಚ್ಚು ಸಿಟ್ಟು ಬಂದದ್ದೂ ಅದಕ್ಕೇ.

ಕಾಶೆವ್ವನ ಗಂಡ ಸಿದ್ರಾಯ ತೀರಿಕೊಂಡು ಆರೇಳು ವರ್ಷವಾಗಿತ್ತು. ನಾಲ್ಕು ಎಕರೆ ಇನ್ನೂ ಒಟ್ಟಿಗೇ ಇತ್ತು. ಪಹಣಿ ಉತಾರದಲ್ಲಿ ಅವಳ ಹೆಸರೂ ಇತ್ತು, ಮೈದುನನ ಹೆಸರೂ ಇತ್ತು. ಆದರೆ ಊರವರ ಬಾಯಲ್ಲಿ ಅದು 'ಮುರಿಗೆಪ್ಪನ ಹೊಲ' ಆಗಿ ಯಾವ ಕಾಲವಾಯಿತೋ. ಬಿತ್ತುವಾಗ, ಕಳೆ ಕೀಳುವಾಗ ಕಾಶೆವ್ವ ಬೇಕು; ಮಾತುಕತೆಗೆ ಮಾತ್ರ ಮುರಿಗೆಪ್ಪ ಸಾಕು. ಇದನ್ನು ಅವಳು ನುಂಗಿಕೊಂಡೇ ಬಂದಿದ್ದಳು. ಮಣ್ಣನ್ನೇ ಮಾರುತ್ತೇನೆ ಅಂದಾಗ ಮಾತ್ರ ನುಂಗಿದ್ದೆಲ್ಲ ಗಂಟಲಿಗೆ ಬಂತು.

ಜಗಳ ಗುರುಪಾದ ಕಾಕಾನ ಕಟ್ಟೆಗೆ ಹೋಯಿತು. ಮನೆತನದಲ್ಲಿ ಉಳಿದ ಹಿರಿಯ ಅವನೊಬ್ಬನೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದರಲ್ಲಿ ಅವನನ್ನು ಮೀರಿಸುವವರು ಗೋಕಾಕ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಗಡ್ಡ ನೀವಿಕೊಂಡು ತೀರ್ಪು ಕೊಟ್ಟ: "ಒಂದ ಬೆಳಿ ಕಾಶೆವ್ವನ ಕೈಗೆ ಬಿಡ್ರಿ. ದಸರಾದ ಒಳಗ ಆ ಬಿಳಿ ಹೂವ ಕಂಡ್ರ, ಕಬ್ಬ ಕಡದ ಮ್ಯಾಲ ಮಣ್ಣ ಭಟ್ಟಿಗೆ. ಕಾಣದಿದ್ರ ಮುರಿಗೆಪ್ಪ ಬಾಯಿ ಮುಚಗೊಂಡಿರಬೇಕು."

"ಆತು" ಎಂದಳು ಕಾಶೆವ್ವ. ಅನ್ನುವಾಗ ಕೈಯಲ್ಲಿ ಏನಿದೆ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಕೈಗೆ ಸಿಕ್ಕಿದ್ದು ಬೂಸು, ತೇವ ಹಿಡಿದ ಕಾಳಿನ ಮೇಲೆ ಬೆಳೆಯುವ ಬೂಷ್ಟು. ಮುದಲಗಿಯಲ್ಲಿ ರೈತರ ಸಭೆಯೊಂದಕ್ಕೆ ಹೋದಾಗ, ಆಮ್ರಪಾಲಿ ಎಂಬ ಹುಡುಗಿ ಒಂದು ಬುಟ್ಟಿಯಲ್ಲಿ ಬೂಸು ಹತ್ತಿದ ಜೋಳದ ನುಚ್ಚು ಇಟ್ಟುಕೊಂಡು ಕೂತಿದ್ದಳು. ಕೃಷಿ ಓದಿದವಳು, ಹುಕ್ಕೇರಿ ತಾಲೂಕಿನ ನಿಡಸೋಸಿ ಹತ್ತಿರ ಬಾಡಿಗೆಯ ಶೆಡ್ಡಿನಲ್ಲಿ ರೈತರಿಗೆ ಬೇಕಾದ ಶಿಲೀಂಧ್ರ ಬೆಳೆಸಿ ಕೊಡುತ್ತಿದ್ದಳು.

"ಬೂಸ ನೋಡಾಕ ಇಲ್ಲೀತನಕ ಬರಬೇಕಿತ್ತೇನವಾ? ನಮ್ಮ ಮನ್ಯಾಗ ಮಳಿಗಾಲಕ್ಕ ಬೇಕಾದಷ್ಟ ಸಿಗತೈತಿ" ಎಂದಳು ಕಾಶೆವ್ವ.

ಆಮ್ರಪಾಲಿ ನಕ್ಕು, ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎಂದು ಕರೆದಳು. "ನಿಮ್ಮ ಮನಿ ಬೂಸ ಬ್ಯಾರೆ ಕಾಕು, ಇದು ಬ್ಯಾರೆ. ಇದು ಕಬ್ಬಿನ ತಂಟೆಗೆ ಹೋಗಂಗಿಲ್ಲ. ಸುಡುಮಲ್ಲಿಗಿ ನೆಲದಾಗ ಮೊಳಕಿ ಒಡದು ಬೇರ ಹುಡಕೋತ ಬರತೈತಲ್ಲ, ಅಲ್ಲೇ ಅದನ್ನ ಹಿಡದು ಕೊಳಸತೈತಿ. ಮ್ಯಾಲ ಬರಾಕ ಬಿಡಂಗಿಲ್ಲ." ಪಕ್ಕದಲ್ಲಿ ಎರಡು ಕುಂಡ ಇದ್ದವು. ಒಂದರಲ್ಲಿ ಕಬ್ಬಿನ ಬುಡಕ್ಕೆ ಬಿಳಿ ಹೂವು ಮುತ್ತಿತ್ತು. ಇನ್ನೊಂದರಲ್ಲಿ ಕಬ್ಬೊಂದೇ ಇತ್ತು.

ಕಾಶೆವ್ವ ಎರಡನೆಯ ಕುಂಡದ ಮಣ್ಣಿಗೆ ಬೆರಳು ಹಾಕಿ ಕೆದಕಿಯೇ ನಂಬಿದಳು. ಆಮೇಲೆ ನಿಡಸೋಸಿಗೆ ಹೋಗಿ ಕಲಿತು ಬಂದಳು. ಜೋಳದ ನುಚ್ಚನ್ನು ಹದವಾಗಿ ಬೇಯಿಸಬೇಕು. ಆರಿದ ಮೇಲೆ ಆಮ್ರಪಾಲಿ ಕೊಟ್ಟ ಹೆಪ್ಪು ಕಲೆಸಿ, ಗಡಿಗೆಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿ ನೆರಳಲ್ಲಿ ಇಡಬೇಕು. ಮೊದಲು ಬಿಳಿ ಅರಳೆ, ಆಮೇಲೆ ತೆಳು ಗುಲಾಬಿ ಬಣ್ಣ. ನಾಟಿ ಮಾಡುವಾಗ ಕಬ್ಬಿನ ಒಂದೊಂದು ತುಂಡಿನ ಬುಡಕ್ಕೂ ಚಿಟಿಕೆ ಚಿಟಿಕೆ ಹಾಕಬೇಕು. ತುಂಡುಗಳನ್ನು ಬೂಸು ಕೊಲ್ಲುವ ಔಷಧಿಯಲ್ಲಿ ಅದ್ದುವ ರೂಢಿ ಈ ಸಲ ಬಂದ್.

"ಇದಕ್ಕ ಜೀವ ಐತಿ ಕಾಕು, ಕೂಸು ಸಾಕಿದಂಗ ಸಾಕಬೇಕು" ಎಂದಿದ್ದಳು ಆಮ್ರಪಾಲಿ.

ಕಾಶೆವ್ವ ಹಿತ್ತಲ ಕೋಣೆಯಲ್ಲಿ ಗಡಿಗೆ ಸಾಲು ಇಟ್ಟಳು. ಮುರಿಗೆಪ್ಪ ಚಹಾದಂಗಡಿಯಲ್ಲಿ ಕೂತು, "ನಮ್ಮ ವೈನಿ ಕಬ್ಬಿಗೆ ಹಳಸಿದ ನುಚ್ಚ ಉಣಸಾಕತ್ತಾಳ, ನಾಳಿ ಉಪ್ಪಿನಕಾಯಿನೂ ಬಡಸತಾಳೋ ಏನೋ" ಎಂದು ನಗಿಸಿದ. ಆ ಮಾತು ಬಾಯಿಂದ ಬಾಯಿಗೆ ಬಂದು ಅವಳ ಕಿವಿಗೂ ಬಿತ್ತು. ನಗುವವರ ಮುಂದೆ ಎಡವಬಾರದು ಎಂದು ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದಳು.

ಮನೆಯಲ್ಲಿ ಇನ್ನೊಬ್ಬಳಿಗೂ ಆ ಗಡಿಗೆ ನೋಡಿ ಸಂಕಟವಾಗುತ್ತಿತ್ತು. ಅತ್ತೆ ಅಕ್ಕವ್ವ. ಬೆನ್ನು ಬಾಗಿದ್ದರೂ ಅಂಗಳದಲ್ಲಿ ಬಿದ್ದ ಒಂದು ಕಾಳನ್ನೂ ಬಿಡದೆ ಆರಿಸಿ ಕಣ್ಣಿಗೆ ಒತ್ತಿಕೊಳ್ಳುವವಳು. "ಜ್ವಾಳಕ್ಕ ಬೂಸ ಹತ್ತಲಿ ಅಂತ ಯಾರರ ಬೇಯಸ್ತಾರೇನ ಕಾಶೀ? ಅನ್ನದೇವರ ಅದು" ಎಂದು ಎರಡು ಮೂರು ಸಲ ಕೇಳಿದಳು.

"ಸುಮ್ಮಕಿರ್ರಿ ಅತ್ತಿ, ನಿಮಗ ತಿಳಿಯಂಗಿಲ್ಲ" ಎಂದಳು ಕಾಶೆವ್ವ ಪ್ರತಿ ಸಲವೂ. ಕೂತು ತಿಳಿಸಿ ಹೇಳಲು ಅವಳಿಗೆ ಪುರುಸೊತ್ತು ಇರಲಿಲ್ಲ. ಖರೆ ಹೇಳಬೇಕೆಂದರೆ ತಾಳ್ಮೆ ಇರಲಿಲ್ಲ.

ರಸ್ತೆ ಕಡೆಯ ಎರಡು ಎಕರೆ ನಾಟಿ ಅಂದುಕೊಂಡಂತೆ ಮುಗಿಯಿತು. ಬಾವಿ ಕಡೆಯ ಎರಡು ಎಕರೆಗೆ ಆಳುಗಳು ಮರುದಿನ ಬರಬೇಕು ಅನ್ನುವಷ್ಟರಲ್ಲಿ ಕೊಣ್ಣೂರಿನಿಂದ ಸುದ್ದಿ ಬಂತು, ಕಾಶೆವ್ವನ ಸೋದರಮಾವ ತೀರಿಕೊಂಡಿದ್ದ. ಉಳಿದ ಗಡಿಗೆಗಳನ್ನು ಕೋಣೆಯಲ್ಲೇ ಬಿಟ್ಟು ಹೋದಳು. ಮಣ್ಣು ಮುಗಿಸಿ, ಅಲ್ಲಿಯವರನ್ನು ಸಮಾಧಾನ ಮಾಡಿ ನಾಲ್ಕು ದಿನ ಬಿಟ್ಟು ಬಂದಾಗ ಗಡಿಗೆಗಳು ಇದ್ದಲ್ಲೇ ಇದ್ದವು, ಅರಿವೆ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ನುಚ್ಚು ಸ್ವಲ್ಪ ಒಣಗಿ, ಬಣ್ಣ ಮಾಸಿದಂತೆ ಕಂಡಿತು. ಬ್ಯಾಸಗಿ ಗಾಳಿಗೆ ಒಣಗಿರಬೇಕು ಅಂದುಕೊಂಡು ಬಾವಿ ಕಡೆಯ ನಾಟಿಯನ್ನೂ ಮುಗಿಸಿದಳು.

ಮಳೆ ಬಿತ್ತು. ಶ್ರಾವಣ ಬಂತು. ರಸ್ತೆ ಕಡೆಯ ಕಬ್ಬು ಕರ್ರಗೆ, ಆಳೆತ್ತರ ಎದ್ದು ನಿಂತಿತು. ಸಾಲಿನ ನಡುವೆ ಕೂತು ಹುಡುಕಿದರೂ ಅಲ್ಲೊಂದು ಇಲ್ಲೊಂದು ಬಡಕಲು ಮೊಳಕೆ ಬಿಟ್ಟರೆ ಕಸವಿಲ್ಲ. ಕಾಶೆವ್ವನಿಗೆ ಕುಣಿಯಬೇಕು ಅನ್ನಿಸಿತು. ಅದೇ ಖುಷಿಯಲ್ಲಿ ಬಾವಿ ಕಡೆಗೆ ಹೋದವಳು ಅಲ್ಲೇ ಕಲ್ಲಾಗಿ ನಿಂತಳು. ಮೊಣಕಾಲೆತ್ತರದ ಹಳದಿ ಕಬ್ಬು, ಅದರ ಬುಡದ ತುಂಬ ಬಿಳಿ ಹೂವು.

ಒಂದೇ ಹೊಲ, ಒಂದೇ ಬೀಜ, ಒಂದೇ ಕೈ. ಅರ್ಧಕ್ಕೆ ಹೀಗಾಗಬೇಕೆಂದರೆ ಇದರಲ್ಲಿ ಬೇರೆ ಕೈ ಆಡಿದೆ. ಯಾರ ಕೈ ಎಂದು ಅವಳು ಯೋಚಿಸಲೂ ಇಲ್ಲ. ಅದೇ ಕೆಸರುಗಾಲಲ್ಲಿ ಮನೆಗೆ ಬಂದು, ಊಟಕ್ಕೆ ಕೂತಿದ್ದ ಮುರಿಗೆಪ್ಪನ ಮುಂದೆ ನಿಂತಳು.

"ನನ್ನ ಗಡಿಗ್ಯಾಗ ಏನ ಹಾಕಿದ್ದಿ, ಹೇಳ."

"ಏನ ಮಾತಾಡಾಕತ್ತೀರಿ ವೈನಿ?"

"ನಾ ಕೊಣ್ಣೂರಿಗೆ ಹೋದಾಗ ಔಷಧಿ ಸುರದಿಯೋ, ಕಾದ ನೀರ ಸುರದಿಯೋ? ಮಣ್ಣ ಮಾರಾಕ ಇಷ್ಟ ಕೆಳಗ ಇಳದೇನ? ನಿಮ್ಮ ಅಣ್ಣ ಇದ್ದಿದ್ರ ಈ ತಾಟ ಕಸಗೊಂಡ ಅಂಗಳಕ್ಕ ಒಗೀತಿದ್ದ!"

ಮುರಿಗೆಪ್ಪ ತಾಟು ಸರಿಸಿ ಎದ್ದ. "ನಿಮ್ಮ ಹೊಲಸ ಬೂಸ ಮುಟ್ಟಾಕ ನಂಗೇನ ಹುಚ್ಚ ಹಿಡದೈತೇನ? ಕುಣೀಲಾರದಾಕಿ ನೆಲ ಡೊಂಕ ಅಂದ್ಳಂತ!" ಅವನ ಹೆಂಡತಿ ರಾಜೇಶ್ವರಿ ಒಲೆ ಬಿಟ್ಟು ಓಡಿ ಬಂದಳು. "ಅಕ್ಕಾ, ನನ್ನ ಆಣಿ, ಇವರು ಆ ಕೋಣಿಗೆ ಕಾಲ ಇಟ್ಟಿಲ್ಲ" ಎಂದು ನಡುವೆ ನಿಂತಳು. ಕಾಶೆವ್ವ ಅವಳನ್ನೂ ಬಿಡಲಿಲ್ಲ. ಕಳ್ಳನ ಹೆಂಡತಿ ಎಂದಳು, ಇನ್ನೂ ಏನೇನೋ ಅಂದಳು. ಓಣಿಯವರು ಬಾಗಿಲಿಗೆ ಬಂದು ನಿಂತರು.

ಆಗ ಗೋಡೆಗೆ ಒರಗಿ ಕೂತಿದ್ದ ಅಕ್ಕವ್ವ ಬಾಯಿ ಬಿಟ್ಟಳು. "ಅವನ್ನ ಬೈಬ್ಯಾಡ ಕಾಶೀ. ನಾನ ಬಿಸಲಿಗೆ ಹಾಕಿದ್ನಿ."

ಕಾಶೆವ್ವ ಅತ್ತೆಯ ಕಡೆ ತಿರುಗಿದಳು.

"ನೀ ಇರಲಿಲ್ಲ. ಕಾಳ ಕೆಡತಾವ ಅಂತ ಜೀವ ತಡೀಲಿಲ್ಲ. ಮಾಳಗಿ ಮ್ಯಾಲ ಹಾಸಿ, ಎರಡ ದಿನ ಕೆಂಡದಂಥಾ ಬಿಸಲ ಕೊಟ್ಟು, ಕೈಲೆ ತಿಕ್ಕಿ ಬೂಸ ಉದರಿಸಿ ತುಂಬಿಟ್ನಿ. ನೀ ಹೊಲಕ್ಕ ಹಾಕಾಕಿ. ಕೆಟ್ಟ ಕಾಳ ಭೂಮ್ತಾಯಿ ಉಡಿಗೆ ಹಾಕಬಾರದಲ್ಲ ಅಂತ."

ಬೂಸು ಹತ್ತಿದ ಕಾಳು ಕಂಡರೆ ಬಿಸಿಲಿಗೆ ಹಾಕು: ಈ ಸೀಮೆಯಲ್ಲಿ ಹುಟ್ಟಿದ ಯಾವ ಹೆಣ್ಣಿಗೂ ಇದನ್ನು ಹೇಳಿಕೊಡಬೇಕಿಲ್ಲ. ಕಾಶೆವ್ವನಿಗೆ ಅದನ್ನು ಕಲಿಸಿದವಳೂ ಇದೇ ಅತ್ತೆ, ಈ ಮನೆಗೆ ಬಂದ ಮೊದಲ ವರ್ಷ. ಈಗ ಬೈಯುವುದಾದರೂ ಯಾರನ್ನು? ಕಳ್ಳನನ್ನು ಹಿಡಿದುಕೊಂಡಿದ್ದೇನೆ ಅಂದುಕೊಂಡವಳ ಕೈಯಲ್ಲಿ ಒಬ್ಬ ಮುದುಕಿ ಸಿಕ್ಕಿದ್ದಳು. ಆ ಬಾಗಿದ ಹೆಗಲು ಹಿಡಿದು ಜಗ್ಗಿ ಅಲುಗಿಸಬೇಕು ಅನ್ನುವಷ್ಟು ಕೋಪ ಬಂತು. ಅಲುಗಿಸಲಿಲ್ಲ. ಹಿತ್ತಲಿಗೆ ಹೋಗಿ ಖಾಲಿ ಗಡಿಗೆಗಳನ್ನು ಒಂದೊಂದಾಗಿ ಗೋಡೆಗೆ ಒಗೆದು ಒಡೆದಳು. ಆವತ್ತಿನಿಂದ ಅತ್ತೆಯ ಜೊತೆ ಮಾತು ಬಿಟ್ಟಳು. ರೊಟ್ಟಿ ಬಡಿದು ಮುಂದಿಡುವಳು, ಬಾ ಅನ್ನುವವಳಲ್ಲ, ಉಣ್ಣು ಅನ್ನುವವಳಲ್ಲ.

ಫೋನಿನಲ್ಲಿ ಆಮ್ರಪಾಲಿ ಕೇಳಿಕೊಂಡು ನಿಟ್ಟುಸಿರು ಬಿಟ್ಟಳು. "ಅಷ್ಟ ಬಿಸಲಿಗೆ ಸತ್ತ ಹೋಗತೈತ್ರಿ ಕಾಕು. ಆ ಅರ್ಧಕ್ಕ ನೀವ ಬರೇ ಒಣಾ ಜ್ವಾಳ ಹಾಕಿದಂಗಾತು. ನಂದೂ ತಪ್ಪ ಐತಿ, ಮನ್ಯಾಗಿನವರಿಗೆಲ್ಲಾ ನಾನ ಬಂದು ಹೇಳಬೇಕಿತ್ತು."

ಮುರಿಗೆಪ್ಪ ದಸರಾ ತನಕವೂ ಕಾಯಲಿಲ್ಲ. ಗುರುಪಾದ ಕಾಕಾನನ್ನು ಹೊಲಕ್ಕೆ ಕರೆಸಿದ, ಲಕ್ಷ್ಮಣನನ್ನೂ ಕರೆಸಿದ. ನೋಡಲು ಊರಿನ ಹತ್ತು ಮಂದಿ ತಾವಾಗಿಯೇ ಬಂದರು. ಅಕ್ಕವ್ವ ರಾಜೇಶ್ವರಿಯ ಕೈ ಹಿಡಿದುಕೊಂಡು ಹಿಂದೆ ಹಿಂದೆ ಬಂದಳು.

"ಹೂವ ಕಾಣತಾವೋ ಇಲ್ಲೋ ಕಾಕಾ? ಮಾತ ಮಾತ" ಎಂದ ಮುರಿಗೆಪ್ಪ.

"ಬೂಸ ಬಿದ್ದಲ್ಲೆ ಕಾಣತೈತೇನ ನೋಡ್ರಿ!" ಎಂದಳು ಕಾಶೆವ್ವ. "ಹೋದ ವರ್ಷ ಈ ಕಡೆನೂ ಇಷ್ಟ ಕಸ ಇತ್ತು, ಇಲ್ಲೆ ನಿಂತವರೆಲ್ಲಾ ನೋಡೀರಿ."

"ಈ ಕಡೆ ನೀರ ಚೊಲೋ ಹರದೈತಿ, ಅದಕ್ಕ ಬಂದಿಲ್ಲ. ಬೂಸಿಲ್ಲ ಗೀಸಿಲ್ಲ. ಹೊಲ ಪೂರಾ ಸತ್ತೈತಿ. ಒಂದ ವರ್ಷ ಮುಂದ, ಒಂದ ವರ್ಷ ಹಿಂದ, ಅಷ್ಟ."

ಗುರುಪಾದ ಕಾಕಾ ಎರಡೂ ಕಡೆ ನೋಡಿದ. ಗಡ್ಡ ನೀವಿದ. "ಅರ್ಧಾ ಗೆದ್ದೀ, ಅರ್ಧಾ ಸೋತಿ ಕಾಶೆವ್ವಾ. ಅದಕ್ಕ ಅರ್ಧಾ ಹೊಲದ ಮಣ್ಣ ಕೊಟ್ಟಬಿಡೂಣು. ಇಬ್ಬರದೂ ಮಾತ ಉಳೀತೈತಿ."

ಕಾಶೆವ್ವನ ತಲೆಯಲ್ಲಿ ಏನೋ ಕಡಿದು ಹೋಯಿತು. ಇಷ್ಟು ವರ್ಷ ಇವರ ಕಟ್ಟೆಯ ಮುಂದೆ ಸೆರಗು ಹೊದ್ದು ನಿಂತದ್ದಕ್ಕೆ ಸಿಕ್ಕಿದ್ದು ಇದು. ಅರ್ಧ ಮಣ್ಣು.

"ಸಾಕ ಕಾಕಾ. ಪಾಲ ಮಾಡ್ರಿ" ಎಂದಳು. "ಇವತ್ತ, ಇಲ್ಲೇ, ಈ ಹತ್ತ ಮಂದಿ ಮುಂದ. ಹಿರಿಯ ಪಾಲ ಹಾಕಬೇಕು, ಕಿರಿಯ ಆರಿಸಿಕೋಬೇಕು, ಹೌದಿಲ್ಲೋ? ಹಿರಿಯ ಇಲ್ಲ. ಅವನ ಜಾಗಾದಾಗ ನಾ ಅದೇನಿ. ನಾ ಪಾಲ ಹಾಕತೇನಿ."

ಯಾರಿಗೂ ಅಲ್ಲ ಅನ್ನಲಾಗಲಿಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ ಇದೇ ರೀತಿ. ಪಾಲು ಹಾಕುವವನು ಮೋಸ ಮಾಡಿದರೆ ಮೋಸದ ಪಾಲು ಅವನಿಗೇ ಉಳಿಯುತ್ತದೆ. ಹಾಗಾಗಿ ಎಂಥವನೂ ಸಮನಾಗಿಯೇ ಹಾಕುತ್ತಾನೆ. ಗುರುಪಾದ ಕಾಕಾ ಅವಸರದಿಂದ ಮುಂದೆ ಬಂದ. "ಹಂಗಾರ ಅಡ್ಡ ಹಾಕವ್ವಾ. ರಸ್ತೆಯಿಂದ ಬಾವೀತನಕ ಗೆರಿ ಎಳದ್ರ ಇಬ್ಬರಿಗೂ ಒಂದ ಎಕರೆ ಹಸರ, ಒಂದ ಎಕರೆ ಬಿಳಿ ಬರತೈತಿ."

ಅದು ಬುದ್ಧಿಯ ಮಾತು. ಕಾಶೆವ್ವನಿಗೂ ಗೊತ್ತಿತ್ತು. ಆದರೆ ಅವಳು ಗುದ್ದಲಿ ಎತ್ತಿಕೊಂಡು ನಡೆದದ್ದು ಬೇರೆ ಕಡೆಗೆ. ಹಸಿರು ಕಬ್ಬು ಮುಗಿದು ಹಳದಿ ಕಬ್ಬು ಸುರುವಾಗುವ ಸಾಲಿನಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಗೆರೆ ಕೆತ್ತಿದಳು. ಬೆವರು ಒರೆಸಿಕೊಳ್ಳದೆ ಬಂದು ಮೈದುನನ ಮುಂದೆ ನಿಂತಳು.

"ಹೂಂ, ಆರಿಸಿಕೊ. ಹೊಲ ಪೂರಾ ಸತ್ತೈತಿ ಅಂದಿ. ಹಂಗಾರ ನಿನಗ ಎರಡೂ ಒಂದ. ಮಣ್ಣ ಇತ್ತಾಗಿಂದೂ ಇಟ್ಟಂಗಿ ಆಗತೈತಿ, ಅತ್ತಾಗಿಂದೂ ಆಗತೈತಿ. ಬಾವಿ ಆ ಕಡೆ ಐತಿ, ಬೇಕಾದ್ರ ಅದನ್ನ ತಗೊ."

ಮುರಿಗೆಪ್ಪ ಎರಡೂ ಕಡೆ ನೋಡಿದ. ಹತ್ತು ಮಂದಿ ಅವನ ಬಾಯಿಯನ್ನೇ ನೋಡುತ್ತಿದ್ದರು. ಚಹಾದಂಗಡಿಯಲ್ಲಿ ಅವನ ಮಾತಿಗೆ ನಕ್ಕವರೇ ಅದರಲ್ಲಿ ಹೆಚ್ಚಿನವರು. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕಡೆಗೆ ಯಾರ ಮುಖವನ್ನೂ ನೋಡದೆ ಹಸಿರು ಕಬ್ಬಿನ ಕಡೆಗೆ ಕೈ ಮಾಡಿದ.

"ರಸ್ತಿ ಕಡೇದ" ಎಂದ.

ಯಾರೋ ಕೆಮ್ಮಿದರು. ಲಕ್ಷ್ಮಣ ವ್ಯಾಪಾರದವನು, ಅವನಿಗೆ ಬೇಕಾದದ್ದನ್ನು ಕೇಳಿದ. "ಹಂಗಾರ ಮುರಿಗೆಪ್ಪಾರ, ಕಬ್ಬ ಹೋದ ಮ್ಯಾಲ ಈ ಕಡೆ ಮಣ್ಣ ಎತ್ತೂಣಲ್ಲ?"

"ಇಲ್ಲ" ಎಂದ ಮುರಿಗೆಪ್ಪ, ನೆಲ ನೋಡುತ್ತ. "ಈ ಮಣ್ಣ ಕೊಡಂಗಿಲ್ಲ."

ಲಕ್ಷ್ಮಣ ಕಾಶೆವ್ವನ ಕಡೆ ತಿರುಗಿದ. ಅವಳ ಮುಖ ನೋಡಿ ಕೇಳುವುದನ್ನು ಬಿಟ್ಟು ಗಾಡಿಯ ಚಾವಿ ಹುಡುಕತೊಡಗಿದ.

ಮಂದಿ ಮುಗುಳ್ನಕ್ಕರು. ಕಾಶೆವ್ವ ನಗಲಿಲ್ಲ. ಮಣ್ಣು ಉಳಿಯಿತು, ನಾಲ್ಕೂ ಎಕರೆ ಉಳಿಯಿತು. ಆದರೆ ಅವಳು ಬೇಯಿಸಿದ ಜೋಳ, ಅವಳು ಬಾಗಿ ಹಾಕಿದ ಚಿಟಿಕೆ, ಆಳೆತ್ತರದ ಕಬ್ಬು ಎಲ್ಲವೂ ಈಗ ಅವನದು. ಗೆದ್ದ ಕೂಡಲೇ ಸಿಟ್ಟು ಇಳಿಯುತ್ತದೆ ಅನ್ನುವವರು ಗೆದ್ದು ನೋಡಿಲ್ಲ.

"ಕೇಳ ಮುರಿಗೆಪ್ಪಾ," ಎಂದಳು. "ಬರೂ ವರ್ಷ ಆ ಕಡೆ ಕಸ ಮತ್ತ ತಲಿ ಎತ್ತತೈತಿ, ಒಂದ ಸಲಕ್ಕ ಪೂರಾ ಸಾಯಂಗಿಲ್ಲ ಅದು. ಆಗ ನನ್ನ ಕಡೆ ಬಾ. ಹೆಪ್ಪ ಕೊಡತೇನಿ. ನಿನ್ನ ಮ್ಯಾಲಿನ ಅಂತಃಕರಣಕ್ಕಲ್ಲ. ಕಸದ ಬೀಜಕ್ಕ ಬದು ಗೊತ್ತಿಲ್ಲ, ನಿನ್ನ ಹೊಲದಾಗ ಹೂವಾದ್ರ ನನ್ನ ಹೊಲಕ್ಕ ಬರತೈತಿ. ಆದ್ರ ಹೇಣ್ತಿನ್ನ ಕಳಸಬ್ಯಾಡ, ನೀನ ಬರಬೇಕು. ಒಲಿ ಮುಂದ ಕುಂತ ನೀನ ನುಚ್ಚ ಕುದಸಬೇಕು."

ಮುರಿಗೆಪ್ಪ ಬಗ್ಗಿ ಹಸಿರು ಕಬ್ಬಿನ ಬುಡದ ಮಣ್ಣು ಕೆದಕಿ ನೋಡಿದ.

ಗುರುಪಾದ ಕಾಕಾ ಗಂಟಲು ಸರಿಮಾಡಿಕೊಂಡ. ಪಾಲಿನಲ್ಲಿ ಇನ್ನೊಂದು ಮಾತು ಉಳಿದಿತ್ತು. "ಹೊಲ ಆತು. ಅವ್ವ ಯಾರ ಕಡೆ?"

ಮುರಿಗೆಪ್ಪ ಬಾಯಿ ತೆರೆದ. ಅವನು ಏನು ಹೇಳುವವನಿದ್ದನೋ, ಅಕ್ಕವ್ವ ಕೇಳಲು ನಿಲ್ಲಲಿಲ್ಲ. ರಾಜೇಶ್ವರಿಯ ಕೈ ಬಿಡಿಸಿಕೊಂಡು, ಹೊಸದಾಗಿ ಕೆತ್ತಿದ ಗೆರೆಯನ್ನು ಒಂದೊಂದೇ ಕಾಲು ಎತ್ತಿ ದಾಟಿ, ಹಳದಿ ಕಬ್ಬಿನ ಕಡೆಗೆ ಹೋದಳು. ಮೊದಲ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಬಿಳಿ ಹೂವುಗಳನ್ನು ಹರಿದು ಉಡಿಗೆ ಹಾಕಿಕೊಳ್ಳತೊಡಗಿದಳು.

ಮಂದಿ ಚದುರಿದರು. ಕಾಶೆವ್ವ ಗುದ್ದಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಆ ಬಾಗಿದ ಬೆನ್ನು ನೋಡಿದರೆ ಈಗಲೂ ಮೈಯೆಲ್ಲ ಉರಿಯುತ್ತಿತ್ತು. ಎರಡು ದಿನದ ಬಿಸಿಲು ಎರಡು ಎಕರೆ ತಿಂದಿತ್ತು. ಆ ಮುದುಕಿ ಹಾಗೆಯೇ ಹೂವು ಹರಿಯುತ್ತ ಹೋದರೆ ಎಂಟು ದಿನಕ್ಕೆ ಮತ್ತೆ ಚಿಗುರುತ್ತದೆ, ಅದೂ ವ್ಯರ್ಥ. ಅವಳು ಗುದ್ದಲಿ ಒಗೆದು, ಸೆರಗು ನಡುವಿಗೆ ಸಿಕ್ಕಿಸಿ, ಅತ್ತೆಯ ಬಾಜೂ ಹೋಗಿ ಧಪ್ಪನೆ ಕೂತಳು.

"ಬೇರ ಸಮೇತ ಕೀಳ್ರಿ ಅತ್ತಿ," ಎಂದಳು ಬಿರುಸಾಗಿ. "ಹೂವಷ್ಟ ಹರದ್ರ ಮತ್ತ ಬರತೈತಿ. ಇಲ್ಲೆ ನೋಡ್ರಿ, ನಾ ತೋರಸತೇನಿ."